ಯಾಣ, ಗೋಕರ್ಣಕ್ಕೆ ಹೊರಟವರಿಗೆ ಒಂದು ಪುಟ್ಟ ಟಾರ್ಚ್

ಶಿರಸಿಯಿಂದ ಯಾಣ, ಅಲ್ಲಿಂದ ಕೆಳಗಿಳಿದು ಗೋಕರ್ಣದ ಬೀಚ್‌ಗಳು. ಮಳೆ ಮುಗಿದ ಮೇಲೆ ಈ ಸುತ್ತು ಹೊಡೆಯುವವರು ಜಾಸ್ತಿ. ನೀವೂ ಹೊರಟಿದ್ದರೆ ಒಂದು ಸಣ್ಣ ಎಲ್‌ಇಡಿ ಟಾರ್ಚ್ ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಟಾರ್ಚ್ ಇದೆಯಲ್ವಾ ಅನ್ನಬೇಡಿ. ಆ ಬೆಳಕು ನಾಲ್ಕು ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ, ಮೊಬೈಲಿನ ಚಾರ್ಜ್ ಬೇರೆ ಕೆಲಸಕ್ಕೆ ಬೇಕು.

ಈ ಸಲ ನಾನು ಹೊಸದೊಂದನ್ನು ಒಯ್ದಿದ್ದೆ. ಜೇಬಿನಲ್ಲಿ ಕೂರುವಷ್ಟು ಚಿಕ್ಕದು. ಒಳಗೆ 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು. ಟೈಪ್-ಸಿ ವೈರಿನಲ್ಲೇ ಚಾರ್ಜ್ ಆಗುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ಲ್ಯೂಮೆನ್ ಅಂತಿದೆ. ಲ್ಯೂಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬ ಅಳತೆ. ಅದನ್ನು ನೋಡಿ ಕೊಳ್ಳಬೇಡಿ. ಇಷ್ಟು ಸಣ್ಣ ಟಾರ್ಚ್ ಪೂರ್ತಿ ಬೆಳಕಿನಲ್ಲಿ ಉರಿದರೆ ಕೆಲವೇ ನಿಮಿಷದಲ್ಲಿ ಬಿಸಿಯಾಗಿ ತಾನೇ ಬೆಳಕು ತಗ್ಗಿಸುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ, ಅದು ಹಾಗೇ ಮಾಡಬೇಕು. ನಡೆಯುವವರಿಗೆ ಬೇಕಾಗಿದ್ದು ಗಂಟೆಗಟ್ಟಲೆ ಒಂದೇ ಸಮ ಉರಿಯುವ ಮಧ್ಯಮ ಬೆಳಕು. ಅದು ಇದರಲ್ಲಿ ಚೆನ್ನಾಗಿದೆ.

ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕರಿಬಂಡೆ, ಪಕ್ಕದ ಮೋಹಿನಿ ಶಿಖರ 90 ಮೀಟರ್. ಬಿಸಿಲಿನಿಂದ ಬಂಡೆಯ ಸೀಳಿನೊಳಗೆ ಹೋದ ಕೂಡಲೇ ಕಣ್ಣಿಗೆ ಏನೂ ಕಾಣುವುದಿಲ್ಲ. ದೇವರ ಜಾಗ, ಬರಿಗಾಲು. ಕಲ್ಲು ಒದ್ದೆ. ಇಲ್ಲಿ ಟಾರ್ಚನ್ನು ಕಣ್ಣಿನ ಎತ್ತರಕ್ಕೆ ಹಿಡಿಯಬೇಡಿ, ಸೊಂಟದ ಹತ್ತಿರ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಕಲ್ಲಿನ ಹಿಂದೆ ನೆರಳು ಏಳುತ್ತದೆ, ಎಲ್ಲಿ ಉಬ್ಬು, ಎಲ್ಲಿ ಗುಂಡಿ ಅಂತ ಕಾಲಿಗೆ ಮೊದಲೇ ಗೊತ್ತಾಗುತ್ತದೆ. ಮಂಜು ಇದ್ದಾಗಲೂ ಹೀಗೇ. ಮುಖದ ಮುಂದೆ ಹಿಡಿದರೆ ಬರೀ ಬಿಳಿ ಗೋಡೆ. ನಾನು ಹಳದಿ ಛಾಯೆಯ ಎಲ್‌ಇಡಿ ಆರಿಸಿದ್ದು ಒಳ್ಳೆಯದಾಯಿತು, ಕಲ್ಲಿನ ಪಾಚಿ ಪಾಚಿಯಾಗಿಯೇ ಕಂಡಿತು. ಮೇಲೆ ಬಾವಲಿ ಇದ್ದರೆ ದಯವಿಟ್ಟು ಅವುಗಳ ಮೇಲೆ ಬೆಳಕು ಬಿಡಬೇಡಿ.

ಗೋಕರ್ಣದಲ್ಲಿ ಓಂ ಬೀಚ್‌ನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ಗುಡ್ಡದ ಕಾಲುದಾರಿ. ಕತ್ತಲಾದ ಮೇಲೆ ಆ ದಾರಿ ಹಿಡಿಯುವ ಯೋಜನೆಯೇ ಬೇಡ, ಬೆಳಕಿರುವಾಗಲೇ ವಾಪಸ್ ಹೊರಡಿ. ಆದರೆ ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಅದಕ್ಕೂ ಮೊದಲೇ ಮಬ್ಬು. ಟಾರ್ಚ್ ಬೇಕಾಗುವುದು ಆಗಲೇ.

ಇನ್ನು ಮರಳು. ಟಾರ್ಚಿನ ಮೇಲೆ ಐಪಿಎಕ್ಸ್‌8 ಅಂತ ಬರೆದಿದ್ದರೆ ನೀರಲ್ಲಿ ಮುಳುಗಿದರೂ ತಡೆಯುತ್ತದೆ ಎಂದರ್ಥ. ಅದರಲ್ಲಿನ ‘ಎಕ್ಸ್’ ಅಂದರೆ ಧೂಳಿನ ಪರೀಕ್ಷೆಯ ಮಾತೇ ಇಲ್ಲ. ಆ ನೀರಿನ ಪರೀಕ್ಷೆಯೂ ಸಿಹಿನೀರಿನದ್ದು. ಹಾಗಾಗಿ ಬೀಚ್‌ನಲ್ಲಿ ಸೆಲ್ ಮುಚ್ಚಳ ಬಿಚ್ಚಬೇಡಿ, ಚಾರ್ಜಿಂಗ್ ರಬ್ಬರ್ ಒತ್ತಿ ಮುಚ್ಚಿ. ರೂಮಿಗೆ ಬಂದು ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಚಾರ್ಜ್‌ಗೆ ಹಾಕಿ.

ನನಗೆ ಹಿಡಿಸದ್ದು ಸ್ವಿಚ್. ಮೈಗೆ ಸಮನಾಗಿದೆ, ಕತ್ತಲಲ್ಲಿ ಬೆರಳಿಗೆ ಸಿಗುವುದಿಲ್ಲ. ಕೊಳ್ಳುವಾಗ ಕಣ್ಣು ಮುಚ್ಚಿ ಒತ್ತಿ ನೋಡಿ. ಬ್ಯಾಗಿನಲ್ಲಿ ತಾನಾಗಿ ಉರಿಯದಂತೆ ಹಿಂದಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದರೆ ಕರೆಂಟ್ ಕಡಿಯುತ್ತದೆ. ಈ ಅನುಕೂಲ ಇಲ್ಲದ್ದನ್ನು ಪ್ರವಾಸಕ್ಕೆ ಕೊಳ್ಳಬೇಡಿ.

ಮಳೆಗಾಲದಲ್ಲೇ ಹೋಗುವುದಾದರೆ ಕುಮಟಾ ಕಡೆ ಇಳಿಯುವ ದೇವಿಮನೆ ಘಾಟ್ ರಸ್ತೆ ತೆರೆದಿದೆಯೇ ಅಂತ ಶಿರಸಿಯಲ್ಲೇ ಕೇಳಿಕೊಂಡು ಹೊರಡಿ. ಉಂಬಳಕ್ಕೆ (ಜಿಗಣೆಗೆ) ಉಪ್ಪು ಮರೆಯಬೇಡಿ.