2024ರ ಜಪಾನ್: ನೋತೊ, ಅಕ್ಕಿ, ಅಗ್ಗದ ಯೆನ್

ಟೋಕಿಯೋದಲ್ಲಿರುವ ನನಗೆ 2024 ಅಂದ ಕೂಡಲೇ ನೆನಪಾಗುವುದು ನೋತೊ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಇಶಿಕಾವಾ ಪ್ರಾಂತ್ಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ನೆಲ ಅದು. ಮೀನು ಹಿಡಿಯುವವರು, ಗದ್ದೆ ಮಾಡುವವರು, ಮರದ ಬಟ್ಟಲಿಗೆ ಉರುಶಿ ಮರದ ರಸ ಬಳಿದು ಹೊಳಪು ಕೊಡುವ ಕುಶಲಕರ್ಮಿಗಳು. ಊರಿನಲ್ಲಿ ಉಳಿದವರಲ್ಲಿ ವಯಸ್ಸಾದವರೇ ಜಾಸ್ತಿ.

ಜನವರಿ 1 ಇಲ್ಲಿ ವರ್ಷದ ದೊಡ್ಡ ಹಬ್ಬ. ಪಟ್ಟಣ ಸೇರಿದ ಮಕ್ಕಳು, ಮೊಮ್ಮಕ್ಕಳೆಲ್ಲ ಅಜ್ಜಿ ಮನೆಗೆ ಹೋಗಿರುತ್ತಾರೆ. ಅಂಥ ದಿನ ಸಂಜೆ 4 ಗಂಟೆ 10 ನಿಮಿಷಕ್ಕೆ ನೋತೊದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ಟೋಕಿಯೋದ ನಮ್ಮ ಮನೆಯಲ್ಲಿ ದೀಪ ಮೆಲ್ಲಗೆ ತೂಗಾಡಿತು, ಅಷ್ಟೇ. ಟಿವಿ ಹಾಕಿದರೆ ಎನ್‌ಎಚ್‌ಕೆಯಲ್ಲಿ ಸುದ್ದಿ ಓದುವಾಕೆ ಕೂಗುತ್ತಿದ್ದರು. ಸುನಾಮಿ ಬರುತ್ತಿದೆ, ಈಗಲೇ ಓಡಿ, ನಿಲ್ಲಬೇಡಿ, ವಾಪಸ್ ಹೋಗಬೇಡಿ ಅಂತ. ಯಾವ ಸುದ್ದಿಯನ್ನೂ ತಣ್ಣಗೆ ಓದುವ ಚಾನೆಲ್ ಅದು. ಆ ದನಿ ಕೇಳಿಯೇ ನಮಗೆ ಕೈಕಾಲು ತಣ್ಣಗಾಯಿತು. ನೋತೊದ ವಾಜಿಮಾ ಊರಿನ ಹೆಸರುವಾಸಿ ಬೆಳಗಿನ ಸಂತೆಬೀದಿ ರಾತ್ರಿಯಿಡೀ ಉರಿಯಿತು. ಸುಮಾರು 240 ಕಟ್ಟಡಗಳು ಸುಟ್ಟುಹೋದವು.

ಮಾರನೇ ದಿನವೇ ಹನೇಡಾ ವಿಮಾನ ನಿಲ್ದಾಣದ ಅಪಘಾತ. ಅದರ ವಿಡಿಯೋ ನೀವೆಲ್ಲ ನೋಡಿರುತ್ತೀರಿ. ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಲೇ ರನ್‌ವೇಯಲ್ಲಿದ್ದ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ದೊಡ್ಡ ವಿಮಾನದ 379 ಜನರೂ ಬದುಕಿದರು. ಲಗೇಜು ಅಲ್ಲೇ ಬಿಟ್ಟು, ಸಿಬ್ಬಂದಿ ಹೇಳಿದ ಹಾಗೆ ಜಾರಿ ಇಳಿದರು. ಆ ಸಣ್ಣ ವಿಮಾನ ನೋತೊ ಸಂತ್ರಸ್ತರಿಗೆ ಸಾಮಾನು ಹೊತ್ತು ಹೊರಟಿತ್ತು ಅನ್ನುವುದನ್ನು ಮಾತ್ರ ಮರೆಯಬಾರದು. ಅದರಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು.

ನೋತೊದಲ್ಲಿ ಸತ್ತವರ ಸಂಖ್ಯೆ ವರ್ಷದ ಕೊನೆಗೆ 450 ದಾಟಿತ್ತು. ಅವರೆಲ್ಲ ಮನೆ ಕುಸಿದು ಸತ್ತವರಲ್ಲ. ಹೆಚ್ಚು ಕಡಿಮೆ ಅರ್ಧದಷ್ಟು ಜನ ಆಮೇಲೆ ಹೋದವರು. ಶಾಲೆಯ ಹಾಲ್‌ನ ತಣ್ಣನೆ ನೆಲ, ನೀರಿಲ್ಲದ ವಾರಗಳು, ತಪ್ಪಿದ ಔಷಧಿ. ಇಂಥ ಸಾವುಗಳನ್ನೂ ಇಲ್ಲಿ ಭೂಕಂಪದ ಲೆಕ್ಕಕ್ಕೇ ಸೇರಿಸುತ್ತಾರೆ. ಅದು ನ್ಯಾಯ ಅಂತ ನನಗನ್ನಿಸುತ್ತದೆ. ಸೆಪ್ಟೆಂಬರ್ 21ರಂದು ಅದೇ ಜಾಗಕ್ಕೆ ಮಳೆ ಸುರಿದು ಹೊಳೆ ಉಕ್ಕಿತು. ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟಿದ್ದ ತಾತ್ಕಾಲಿಕ ಮನೆಗಳ ಒಳಗೂ ನೀರು ನುಗ್ಗಿತು. ಒಂದೇ ವರ್ಷದಲ್ಲಿ ಎರಡು ಸಲ ಮನೆಯ ಕೆಸರು ಬಾಚಿ ಹಾಕುತ್ತಿದ್ದ ಅಜ್ಜಿಯರನ್ನು ಟಿವಿಯಲ್ಲಿ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು.

ಆಗಸ್ಟ್‌ನಲ್ಲಿ ಅಂಗಡಿಗಳಲ್ಲಿ ಅಕ್ಕಿ ಖಾಲಿ. ಜಪಾನಿನಲ್ಲಿ ಅಕ್ಕಿ ಇಲ್ಲ ಅಂದರೆ ಊರಲ್ಲಿ ಯಾರೂ ನಂಬಲಿಲ್ಲ. ಹಿಂದಿನ ವರ್ಷದ ಬಿಸಿಲಿಗೆ ಬೆಳೆಯ ಗುಣಮಟ್ಟ ಕೆಟ್ಟಿತ್ತು. ಭತ್ತದ ಬದಲು ಬೇರೆ ಬೆಳೆಯಿರಿ ಎಂದು ಸರ್ಕಾರವೇ ದಶಕಗಳಿಂದ ರೈತರಿಗೆ ದುಡ್ಡು ಕೊಡುತ್ತಾ ಬಂದಿದೆ. ರೈತರ ಸರಾಸರಿ ವಯಸ್ಸು 70ರ ಹತ್ತಿರ. ಇದರ ಮೇಲೆ ಆಗಸ್ಟ್ 8ರಂದು, ಪೆಸಿಫಿಕ್ ಕರಾವಳಿಯಾಚೆ ಸಮುದ್ರದಡಿಯ ನಾನ್‌ಕಾಯ್ ಭಾಗದಲ್ಲಿ ಮಹಾಭೂಕಂಪ ಆಗುವ ಸಾಧ್ಯತೆ ಹೆಚ್ಚಿದೆ ಅಂತ ಮೊದಲ ಬಾರಿಗೆ ಎಚ್ಚರಿಕೆ ಬಂತು. ಜನ ನೀರು, ಅಕ್ಕಿ ಕೂಡಿಟ್ಟುಕೊಂಡರು. ನಮ್ಮ ಬೀದಿಯ ಸೂಪರ್ ಮಾರ್ಕೆಟ್‌ನಲ್ಲಿ "ಒಂದು ಕುಟುಂಬಕ್ಕೆ ಒಂದೇ ಚೀಲ" ಅನ್ನುವ ಚೀಟಿ ಅಂಟಿಸಿದ್ದರು, ಅದರ ಕೆಳಗೆ ಚೀಲವೇ ಇರಲಿಲ್ಲ. ಟೋಕಿಯೋದ ನಿಶಿ ಕಸಾಯ್ ಬಡಾವಣೆಯ ಭಾರತೀಯ ಅಂಗಡಿಯಲ್ಲಿ ಸೋನಾ ಮಸೂರಿ ಸಿಗುತ್ತದೆ, ಸಾರನ್ನಕ್ಕೆ ಅದೇ ಬೇಕು. ಮೊಸರನ್ನಕ್ಕೆ ಮಾತ್ರ ಜಪಾನಿನ ಅಕ್ಕಿಯಷ್ಟು ರುಚಿ ಬೇರೆಯದಕ್ಕಿಲ್ಲ. ಹೊಸ ಬೆಳೆ ಬಂದರೆ ಸರಿಹೋಗುತ್ತದೆ ಅಂತ ಸರ್ಕಾರ ಹೇಳಿತು. ಅಕ್ಕಿ ಬಂತು, ಬೆಲೆ ಇಳಿಯಲಿಲ್ಲ. 2,000 ಯೆನ್ ಆಸುಪಾಸು ಇದ್ದ 5 ಕಿಲೋ ಚೀಲ 3,000 ದಾಟಿತು.

ಯೆನ್ ಕಥೆ ಇನ್ನೊಂದು. ಜುಲೈನಲ್ಲಿ ಒಂದು ಡಾಲರ್‌ಗೆ 161 ಯೆನ್ ಮುಟ್ಟಿತು. 2020ರಲ್ಲಿ ಒಂದು ಲಕ್ಷ ಯೆನ್ ಕಳಿಸಿದರೆ ಅಪ್ಪ ಅಮ್ಮನ ಖಾತೆಗೆ 69 ಸಾವಿರ ರೂಪಾಯಿ ಹತ್ತಿರ ಬೀಳುತ್ತಿತ್ತು, 2024ರ ಆ ಜುಲೈನಲ್ಲಿ 52 ಸಾವಿರ. ಅದೇ ಕಾರಣಕ್ಕೆ ಪ್ರವಾಸಿಗರು ಮುಗಿಬಿದ್ದರು. ಆ ವರ್ಷ ಹೊರಗಿನಿಂದ ಬಂದವರು ಸುಮಾರು 3.69 ಕೋಟಿ, ಅಲ್ಲಿಯವರೆಗೆ ಅದು ದಾಖಲೆ. ಅಕ್ಟೋಬರ್‌ನಲ್ಲಿ ಕಿಶಿದಾ ಹೋಗಿ ಇಶಿಬಾ ಪ್ರಧಾನಿಯಾದರು, ಅದೇ ತಿಂಗಳ ಚುನಾವಣೆಯಲ್ಲಿ ಅವರ ಮೈತ್ರಿಕೂಟ ಬಹುಮತ ಕಳೆದುಕೊಂಡಿತು. ಆ ಅಕ್ಟೋಬರ್‌ನಲ್ಲೇ ನಿಹೊನ್ ಹಿದಾನ್‌ಕ್ಯೋಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಿರೋಶಿಮಾ, ನಾಗಸಾಕಿಯ ಬಾಂಬಿನಲ್ಲಿ ಬದುಕುಳಿದವರ ಸಂಘಟನೆ ಅದು. ಡಿಸೆಂಬರ್ 10ರಂದು ಓಸ್ಲೋದಲ್ಲಿ 92 ವರ್ಷದ ತೆರುಮಿ ತನಾಕಾ ಮಾತನಾಡಿದರು. ಬಾಂಬು ಬಿದ್ದಾಗ ಅವರಿಗೆ 13. ಆ ಭಾಷಣ ಸಿಕ್ಕರೆ ಪೂರ್ತಿ ಓದಿ.

ಯೆನ್ ಅಗ್ಗ ಅಂತ ಈಗ ಊರಿಂದ ಎಲ್ಲರೂ ಕೇಳುತ್ತಿದ್ದಾರೆ, ಜಪಾನಿಗೆ ಬಂದರೆ ಏನೇನು ನೋಡಬೇಕು ಅಂತ. ಟೋಕಿಯೋ, ಕ್ಯೋಟೋ ನೋಡಿ, ಬೇಡ ಅನ್ನುವುದಿಲ್ಲ. ಜತೆಗೆ ನೋತೊ ಇರುವ ಇಶಿಕಾವಾ ಪ್ರಾಂತ್ಯದ ಮುಖ್ಯ ಪಟ್ಟಣ ಕನಜಾವಾಕ್ಕೆ ಒಂದು ದಿನ ಇಟ್ಟುಕೊಳ್ಳಿ. ಟೋಕಿಯೋದಿಂದ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ. ಸಂತೆ ಸುಟ್ಟುಹೋದ ಮೇಲೆ ವಾಜಿಮಾದ ವ್ಯಾಪಾರಿಗಳು 2024ರ ಮಾರ್ಚ್‌ನಲ್ಲೇ ಅಲ್ಲಿಗೆ ಬಂದು ಅಂಗಡಿ ಹಾಕಿದ್ದರು. ವಾಜಿಮಾದ ಬಟ್ಟಲು, ಚಾಪ್‌ಸ್ಟಿಕ್ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ. ಆದರೂ ಮನೆಗೆ ಒಯ್ಯುವ ಸಾಮಾನು ಅಲ್ಲಿಂದಲೇ ಕೊಳ್ಳಿ, ಆ ಕೆಲಸ ಮಾಡುವವರಿಗೆ ಈಗ ಗಿರಾಕಿಗಳು ಬೇಕು.