ಚಕ್ರದ ಸದ್ದು: ಹೆಡ್ಜ್‌ಹಾಗ್ ಸಾಕಿದ ಅನುಭವ

ಹೆಡ್ಜ್‌ಹಾಗ್ ಎಂದೊಡನೆ ನಮ್ಮಲ್ಲಿ ಅನೇಕರು ಮುಳ್ಳುಹಂದಿಯನ್ನೇ ನೆನೆಯುತ್ತಾರೆ. ಮುಳ್ಳುಹಂದಿ ಇಲಿ, ಅಳಿಲುಗಳಂತೆ ದಂಶಕ. ಹೆಡ್ಜ್‌ಹಾಗ್ ಆದರೋ ಸುಂಡಿಲಿಯ ಹತ್ತಿರದ ಬಂಧು, ಹುಳುಹುಪ್ಪಟೆಗಳೇ ಅದರ ಮುಖ್ಯ ಆಹಾರ. ಅದರ ಮುಳ್ಳುಗಳು ಕೂದಲಿನಂತೆ ಕೆರಟಿನ್‌ನಿಂದಲೇ ಆದವು, ಒಳಗೆ ಗಾಳಿಗೂಡುಗಳಿರುವುದರಿಂದ ಹಗುರ, ಮುಳ್ಳುಹಂದಿಯವುಗಳಂತೆ ಸುಲಭವಾಗಿ ಕಳಚಿ ಬೀಳುವವಲ್ಲ. ಹೆದರಿದಾಗ ಚರ್ಮದಡಿಯ ಸ್ನಾಯು ದಾರ ಎಳೆದ ಚೀಲದ ಬಾಯಿಯಂತೆ ಬಿಗಿದುಕೊಂಡು, ಮುಖ, ಹೊಟ್ಟೆ, ಕಾಲುಗಳೆಲ್ಲ ಮುಳ್ಳಿನ ಉಂಡೆಯೊಳಗೆ ಅಡಗುತ್ತವೆ.

ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಐದು ಕುಲಗಳಿಗೆ ಸೇರಿದ 15ಕ್ಕೂ ಹೆಚ್ಚು ಪ್ರಭೇದಗಳಿವೆ. ಮರುಭೂಮಿಯವಕ್ಕೆ ಮೈಯ ಬಿಸಿ ಹೊರಹಾಕಲು ನೆರವಾಗುವ ದೊಡ್ಡ ಕಿವಿಗಳಿವೆ. ಯುರೋಪಿನದು ಚಳಿಗಾಲವಿಡೀ ಶಿಶಿರನಿದ್ರೆಯಲ್ಲಿ ಕಳೆಯುತ್ತದೆ. ಮನೆಗಳಲ್ಲಿ ಸಾಕುವುದು ಬಹುಮಟ್ಟಿಗೆ ಆಫ್ರಿಕಾದ ನಾಲ್ಬೆರಳಿನ ಪ್ರಭೇದವನ್ನು. ನಾನು ಸಾಕಿದ್ದೂ ಅದನ್ನೇ.

ಅದಕ್ಕೆ ಬೇಕಾದ ಮೊದಲ ಆರೈಕೆ ಬೆಚ್ಚಗಿನ ಗೂಡು. ಗೂಡಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ತೀರ ತಂಪಾದರೆ ಅದು ಶಿಶಿರನಿದ್ರೆಗೆ ಜಾರಲು ಯತ್ನಿಸುತ್ತದೆ, ಆದರೆ ಅದಕ್ಕೆ ತಕ್ಕ ಕೊಬ್ಬಿನ ಸಂಗ್ರಹವಾಗಲಿ ಮೈಯ ಸಿದ್ಧತೆಯಾಗಲಿ ಇಲ್ಲದ್ದರಿಂದ ಆ ನಿದ್ರೆಯಲ್ಲೇ ಸಾಯಬಹುದು. ಬೊಜ್ಜು ಬೇಗ ಬರುವುದರಿಂದ ಆಹಾರದ ಮೇಲೆ ನಿಗಾ ಬೇಕು, ಹಾಲನ್ನಂತೂ ಕೊಡಲೇಬಾರದು. ಓಡುವ ಚಕ್ರದ ತಳ ಸಂದಿಲ್ಲದೆ ಗಟ್ಟಿಯಾಗಿರಬೇಕು, ಇಲ್ಲವಾದರೆ ಕಾಲು ಸಿಕ್ಕಿ ಮುರಿಯುತ್ತದೆ. ಅದು ಒಂಟಿ ಜೀವಿಯಾದ್ದರಿಂದ ಜೊತೆಗಾರನ ಅಗತ್ಯವಿಲ್ಲ. ಒಂದೇ ಗೂಡಿನಲ್ಲಿ ಎರಡು ಗಂಡುಗಳನ್ನು ಇಟ್ಟರೆ ಜಗಳ ಖಂಡಿತ.

ಮುದ್ದಿಸಲೆಂದು ತರುವವರು ಇದನ್ನು ತರಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಗಲೆಲ್ಲ ಮಲಗುವ, ಕಣ್ಣಿಗಿಂತ ಮೂಗನ್ನೇ ನಂಬುವ ಈ ಪ್ರಾಣಿ ನನ್ನ ವಾಸನೆಗೆ ಒಗ್ಗಿಕೊಂಡು, ಅಂಗೈಯಲ್ಲಿ ಮುಳ್ಳು ಮಡಚಿ ಸಡಿಲವಾಗಿ ಕೂರಲು ಹಲವು ವಾರಗಳೇ ಬೇಕಾದವು. ಹೊಸ ವಾಸನೆ ಸಿಕ್ಕರೆ ಆ ವಸ್ತುವನ್ನು ಜಗಿದು, ನೊರೆ ಮಾಡಿ, ಕತ್ತು ತಿರುಗಿಸಿ ತನ್ನ ಮುಳ್ಳುಗಳಿಗೇ ಬಳಿದುಕೊಳ್ಳುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ರೋಗವೆಂದೇ ಹೆದರಿದ್ದೆ. ಅದು ಈ ಜೀವಿಗಳ ಸಹಜ ವರ್ತನೆ, ಕಾರಣ ಮಾತ್ರ ಇನ್ನೂ ಖಚಿತವಾಗಿಲ್ಲ.

ನಿಜವಾದ ರೋಗ ಬಂದದ್ದು ಎರಡನೆಯ ವರ್ಷದಲ್ಲಿ. ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಕಾಣಿಸಿಕೊಳ್ಳುವ, ಮಿದುಳು ಮತ್ತು ಬೆನ್ನುಹುರಿಯ ನರಗಳನ್ನು ಕೆಡಿಸಿ ಹಿಂಗಾಲುಗಳಿಂದ ತೊಡಗಿ ಮೈಯನ್ನೆಲ್ಲ ನಿಶ್ಚಲಗೊಳಿಸುವ ಆ ಕಾಯಿಲೆಗೆ ಚಿಕಿತ್ಸೆಯಿಲ್ಲ. ನಡಿಗೆಯ ತೂರಾಟ ನನ್ನ ಕಣ್ಣಿಗೆ ಬೀಳುವ ಮೊದಲೇ, ರಾತ್ರಿಯಿಡೀ ಕೇಳುತ್ತಿದ್ದ ಚಕ್ರದ ಸದ್ದು ನಿಂತುಹೋಗಿತ್ತು.