ಬಾಲಮಂದಿರಕ್ಕೆ ಬಂದ ಹೊಸ ಗೃಹಮಾತೆ

“ನೀವು ಯಾವಾಗ ಹೋಗ್ತೀರಿ ಅಕ್ಕಾ?” ಎಂದು ಆ ಹುಡುಗಿ ಕೇಳಿದ್ದು ಸೋಮವಾರ ಸಂಜೆ, ವಾರ ಮುಗಿಯುತ್ತ ಬಂದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಕೇಳಿದ್ದು ಆಸರೆಯಿಲ್ಲದ ಮಕ್ಕಳಿರುವ ಆ ಬಾಲಮಂದಿರಕ್ಕೆ ಗಣಿತ ಹೇಳಿಕೊಡಲು ಹೋಗುವ ನನ್ನನ್ನಲ್ಲ, ಮಕ್ಕಳ ಆರೈಕೆ ನೋಡಿಕೊಳ್ಳಲು ಅಂದೇ ಕೆಲಸಕ್ಕೆ ಸೇರಿದ್ದ ಗೃಹಮಾತೆಯನ್ನು.

ಹಿಂದಿನಿಂದ ಯಾರಾದರೂ ತಲೆಯ ಹತ್ತಿರ ಕೈ ತಂದರೆ ಈ ಹುಡುಗಿ ಭುಜ ಕುಗ್ಗಿಸಿ ಪಕ್ಕಕ್ಕೆ ಸರಿಯುತ್ತಾಳೆ. ಹಾಗಾಗಿ ಜಡೆ ಹಾಕುವುದೆಂದರೆ ದಿನವೂ ರಂಪ, ಹಟಮಾರಿ ಎಂಬ ಹೆಸರು ಬೇರೆ. ಹೊಸಬರು ಗದರಲಿಲ್ಲ. ಗೋಡೆಯ ಕನ್ನಡಿಯನ್ನು ತೆಗೆದು ಅವಳ ಎದುರಿಗೆ ಒರಗಿಸಿಟ್ಟು, “ಈಗ ಎಣ್ಣೆ ಹಚ್ತೀನಿ, ಈಗ ಬೈತಲೆ ತೆಗೀತೀನಿ” ಎಂದು ಹೇಳುತ್ತಲೇ ಬಾಚಿದರು. ಬರುವ ಕೈ ಕಣ್ಣಿಗೆ ಕಾಣುತ್ತಿದ್ದುದರಿಂದಲೋ ಏನೋ, ಅವಳು ಅಲುಗಲಿಲ್ಲ. ಪೆಟ್ಟು ತಿಂದು ಬೆಳೆದ ಮಗುವಿನ ಮೈ ಮನಸ್ಸಿಗಿಂತ ಮೊದಲೇ ಹೆದರುತ್ತದೆ ಎಂದು ತರಬೇತಿಗಳಲ್ಲಿ ಗಂಟೆಗಟ್ಟಲೆ ಕೇಳಿದ್ದೇನೆ. ಅದನ್ನು ತಿಳಿದು ನಡೆದುಕೊಂಡವರನ್ನು ನೋಡಿದ್ದು ಕಡಿಮೆ.

ರಿಬ್ಬನ್ ಕಟ್ಟುವಾಗ ಆ ಪ್ರಶ್ನೆ ಬಂತು. “ಬೆಳಿಗ್ಗೆ ಎಂಟಕ್ಕೆ ಹೋಗ್ತೀನಿ, ಸಂಜೆ ಆರಕ್ಕೆ ಬರ್ತೀನಿ.” “ಅದಲ್ಲ, ಪೂರ್ತಿ ಹೋಗೋದು.” “ಅದು ನಂಗೂ ಗೊತ್ತಿಲ್ಲ ಕಣೇ. ಗೊತ್ತಾದ ದಿನ ಮೊದಲು ನಿಂಗೇ ಹೇಳ್ತೀನಿ.”

ಬೇರೆಯವರಾಗಿದ್ದರೆ “ಎಲ್ಲೂ ಹೋಗಲ್ಲ ಪುಟ್ಟಾ” ಎಂದು ತಬ್ಬಿಕೊಳ್ಳುತ್ತಿದ್ದರು. ಹುಟ್ಟುಹಬ್ಬಕ್ಕೆ ಕೇಕ್ ತಂದು “ಮತ್ತೆ ಬರ್ತೀವಿ” ಎಂದು ಮಾಯವಾಗುವ ದಾನಿಗಳೂ ಹೇಳುವುದು ಅದನ್ನೇ, ಮತ್ತು ಅವರ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ.

ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಬೇಕೆಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನದಲ್ಲಿ, ಅನಾಥಾಲಯದಿಂದ ಪೋಷಕ ಕುಟುಂಬಗಳಿಗೆ ಹೋದ ಎಳೆಯ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಅಲ್ಲೇ ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಅಂಥ ಕುಟುಂಬ ಸಿಗದ ಮಗುವಿಗೆ ತನ್ನವರೆಂದು ಉಳಿಯುವುದು ಗೃಹಮಾತೆಯೊಬ್ಬರೇ. ಅವರನ್ನೇ ಹೊರಗುತ್ತಿಗೆಯಲ್ಲಿಟ್ಟು, ಗುತ್ತಿಗೆದಾರ ಬದಲಾದಾಗ ಅವರನ್ನೂ ಬದಲಿಸಿ, ಆಮೇಲೆ ಮಗು ಯಾರಿಗೂ ಹೊಂದಿಕೊಳ್ಳುವುದಿಲ್ಲ ಎಂದು ಕಡತದಲ್ಲಿ ಬರೆಯುವುದು ಎಂಥ ನ್ಯಾಯ?

ಹೋಗುವವರಿಗೆ ಮಕ್ಕಳಿಗೆ ಹೇಳಿ ಹೋಗಲು ವಾರದ ಸಮಯವನ್ನಾದರೂ ಕೊಡಿ ಎಂದು ಅಧೀಕ್ಷಕರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಆದರೆ ಸುತ್ತೋಲೆಯಲ್ಲಿ ಇಲ್ಲದ್ದನ್ನು ಮಾಡುವವರಲ್ಲ. “ಆದೇಶ ಬಂದ ದಿನವೇ ರಿಲೀವ್ ಮಾಡ್ಬೇಕು ಮೇಡಂ” ಎಂದರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇದನ್ನು ಲಿಖಿತವಾಗಿಯೇ ಕೊಡಲಿದ್ದೇನೆ.